ಬೇಟೆ ಬಿಲ್ಲಿನ ಸದ್ದು ಅಡಗಿದ ಬಗೆ

ಎಳೆದು ಬಿಟ್ಟ ಬಿಲ್ಲಿನ ಶಕ್ತಿಯೆಲ್ಲ ಬಾಣಕ್ಕೆ ಸೇರುವುದಿಲ್ಲ. ಒಂದು ಪಾಲು ಬಿಲ್ಲಿನ ತೋಳುಗಳಲ್ಲಿ, ಹೆದೆಯಲ್ಲಿ ಉಳಿದುಬಿಡುತ್ತದೆ. ಬಾಣ ಹೊರಟ ಮೇಲೆ ಅದು ಅದುರಾಟವಾಗಿ, ಅದುರಾಟ ಸದ್ದಾಗಿ ಹೊರಬೀಳುತ್ತದೆ. ಯುದ್ಧದ ಬಿಲ್ಲಿಗೆ ಇದು ಕೊರತೆಯಲ್ಲ. ಮಹಾಭಾರತದ ಕಥೆಗಳಲ್ಲಿ ಗಾಂಡೀವದ ಠೇಂಕಾರವೇ ಶತ್ರುಸೇನೆಯ ಎದೆ ನಡುಗಿಸುತ್ತದೆ. ಬೇಟೆಯಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಠೇಂಕಾರ ಬಿಲ್ಲುಗಾರನನ್ನೇ ಸೋಲಿಸುತ್ತದೆ.

ಸೋಲುವುದು ಹೇಗೆಂಬುದನ್ನು ಅಂಕಿಗಳಲ್ಲೇ ನೋಡಬಹುದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸಾಧಾರಣ ಬೇಟೆ ಬಿಲ್ಲಿನ ಬಾಣದ ವೇಗ ಸೆಕೆಂಡಿಗೆ 55 ಮೀಟರ್ ಆಸುಪಾಸು. ಜಿಂಕೆ 18 ಮೀಟರ್ ದೂರದಲ್ಲಿದ್ದರೆ ಸದ್ದು ಅದರ ಕಿವಿಗೆ ಬೀಳಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಬಾಣ ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ನಡುವಿನ ಕಾಲು ಸೆಕೆಂಡು ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಗೆ ಧಾರಾಳವಾಯಿತು. ನೆಗೆಯುವ ಮೊದಲು ಅದು ಕಾಲು ಮಡಿಸಿ ಮೈಯನ್ನು ಕೆಳಕ್ಕೆ ಕುಗ್ಗಿಸುತ್ತದೆ. ಎದೆಗೆ ಹಿಡಿದ ಗುರಿ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಇಲ್ಲವೇ ನಾಟಬಾರದ ಕಡೆ ನಾಟಿ, ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳುವಂತಾಗುತ್ತದೆ. ಅಲ್ಲಿನ ಒಳ್ಳೆಯ ಬೇಟೆಗಾರರು ಬಿಲ್ಲಿನ ಸದ್ದಿಗೆ ಇಷ್ಟು ತಲೆಕೆಡಿಸಿಕೊಂಡದ್ದಕ್ಕೆ ಈ ಎರಡನೆಯ ಭಯವೇ ದೊಡ್ಡ ಕಾರಣ.

ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು ರಿಕರ್ವ್. ಈ ಆಕಾರ ಹೊಸದಲ್ಲ. ಏಷ್ಯಾದ ಕುದುರೆ ಸವಾರರು ಮರ, ಕೊಂಬು, ಸ್ನಾಯು ಮೂರನ್ನೂ ಅಂಟಿಸಿ ಇಂಥ ಬಿಲ್ಲುಗಳನ್ನು ಸಾವಿರಾರು ವರ್ಷಗಳಿಂದ ಕಟ್ಟುತ್ತ ಬಂದಿದ್ದರು. ಬಾಗಿದ ತುದಿಗಳಿಂದಾಗಿ ಗಿಡ್ಡ ಬಿಲ್ಲೂ ಹೆಚ್ಚು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಎಳೆತದ ಕೊನೆಯಲ್ಲಿ ಕೈಗೆ ಮೃದುವಾಗಿರುತ್ತದೆ. ಸದ್ದಿನ ಮೂಲವೂ ಆ ಬಾಗಿನಲ್ಲೇ ಇದೆ. ಹೆದೆಯೇರಿಸಿದ ರಿಕರ್ವ್ ಬಿಲ್ಲಿನಲ್ಲಿ ಹೆದೆಯ ಎರಡೂ ಕೊನೆಗಳು ಒಂದೆರಡು ಅಂಗುಲದಷ್ಟು ತೋಳಿನ ಮೇಲೇ ಒರಗಿರುತ್ತವೆ. ಎಳೆದಾಗ ಅಲ್ಲಿಂದ ಏಳುತ್ತವೆ, ಬಿಟ್ಟಾಗ ಅಲ್ಲಿಗೇ ಬಂದು ಬಡಿಯುತ್ತವೆ. ಇಂಗ್ಲೆಂಡಿನ ನೇರ ಉದ್ದಬಿಲ್ಲಿಗೆ ಈ ಬಡಿತವಿಲ್ಲ. ಅದು ಹುಟ್ಟಿನಿಂದಲೇ ಮಿತಭಾಷಿ.

ಅಮೆರಿಕದ ಬಿಳಿಯರು ಬಿಲ್ಲಿನತ್ತ ಮತ್ತೆ ಹೊರಳಿದಾಗ ಕೈಗೆತ್ತಿಕೊಂಡದ್ದು ಆ ಉದ್ದಬಿಲ್ಲನ್ನೇ. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಸೇನೆಯಲ್ಲಿದ್ದ ಮಾರಿಸ್ ಮತ್ತು ವಿಲ್ ಥಾಮ್ಸನ್ ಸೋದರರು ಫ್ಲಾರಿಡಾದ ಕಾಡು, ಜೌಗುಗಳಲ್ಲಿ ಬಿಲ್ಲು ಹಿಡಿದು ಬೇಟೆಯಾಡಿದರು. ಆ ಅನುಭವದ ಮೇಲೆ ಮಾರಿಸ್ ಬರೆದ ‘ದಿ ವಿಚರಿ ಆಫ್ ಆರ್ಚರಿ’ 1878ರಲ್ಲಿ ಹೊರಬಂತು. ಮರುವರ್ಷವೇ ರಾಷ್ಟ್ರೀಯ ಬಿಲ್ಲುಗಾರಿಕೆ ಸಂಘ ಹುಟ್ಟಿಕೊಂಡಿತು. ಆದರೆ ಸಂಘದ ಆಸಕ್ತಿ ಹೆಚ್ಚಾಗಿ ಹುಲ್ಲುಹಾಸಿನ ಮೇಲಿನ ಗುರಿಯಾಟದಲ್ಲಿತ್ತು. ಬೇಟೆಯ ಬಿಲ್ಲಿಗೆ ನಿಜವಾದ ಗುರು ಸಿಕ್ಕಿದ್ದು ಮೂರು ದಶಕ ಕಳೆದ ಮೇಲೆ, ಯಾರೂ ನಿರೀಕ್ಷಿಸದ ಕಡೆಯಿಂದ.

1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಹತ್ತಿರ, ಹಸಿದು ಬಳಲಿದ್ದ ಒಬ್ಬ ಮೂಲನಿವಾಸಿ ಕಾಣಿಸಿಕೊಂಡ. ಯಾಹಿ ಜನಾಂಗದವನು. ವಲಸೆ ಬಂದ ಬಿಳಿಯರ ಹತ್ಯಾಕಾಂಡಗಳಿಗೆ, ಹಸಿವಿಗೆ ಅವನ ಜನರೆಲ್ಲ ಬಲಿಯಾಗಿ ಅವನೊಬ್ಬನೇ ಉಳಿದಿದ್ದ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವನನ್ನು ಇಶಿ ಎಂದು ಕರೆದರು. ಯಾಹಿ ನುಡಿಯಲ್ಲಿ ಅದರರ್ಥ ಮನುಷ್ಯ ಎಂದಷ್ಟೇ. ತನ್ನ ನಿಜವಾದ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಅವನಿಗೆ ಆಶ್ರಯ ಸಿಕ್ಕಿತು. ಪಕ್ಕದ ಆಸ್ಪತ್ರೆಯ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಗೆಳೆಯರಾದರು, ಆಮೇಲೆ ಶಿಷ್ಯರೂ ಆದರು.

ಇಶಿಯ ಬಿಲ್ಲು ಗಿಡ್ಡ, ಚಪ್ಪಟೆ, ಬೆಟ್ಟದ ಜೂನಿಪರ್ ಮರದ್ದು. ಜಿಂಕೆಯ ಸ್ನಾಯುವನ್ನು ಬಾಯಲ್ಲಿ ಅಗಿದು ಮೆದು ಮಾಡಿ, ಸಾಲ್ಮನ್ ಮೀನಿನ ಚರ್ಮ ಬೇಯಿಸಿ ತೆಗೆದ ಅಂಟಿನಿಂದ ಬಿಲ್ಲಿನ ಬೆನ್ನಿಗೆ ಹಚ್ಚುತ್ತಿದ್ದ. ಹೆದೆಯೂ ಸ್ನಾಯುವಿನದೇ. ಬಿಲ್ಲಿನ ಒಂದು ತುದಿಯನ್ನು ಬಾಯಿಗೆ ಆನಿಸಿ, ಹೆದೆಯನ್ನು ಬಾಣದಿಂದ ತಟ್ಟಿ ರಾಗ ಹೊರಡಿಸುತ್ತಿದ್ದನೆಂದು ಪೋಪ್ ಬರೆದಿದ್ದಾರೆ. ಬೇಟೆಯ ಹೊತ್ತಿನಲ್ಲಿ ಅವನು ಬೇರೆಯೇ ಮನುಷ್ಯ. ಹಿಂದಿನ ದಿನದಿಂದಲೇ ಮೀನು ತಿನ್ನುತ್ತಿರಲಿಲ್ಲ, ಹೊಗೆಬತ್ತಿ ಮುಟ್ಟುತ್ತಿರಲಿಲ್ಲ; ಪ್ರಾಣಿಗೆ ವಾಸನೆ ಸಿಗಬಾರದು. ಪೊದೆಯ ಮರೆಯಲ್ಲಿ ಕುಳಿತು ಬೆರಳನ್ನು ತುಟಿಗೊತ್ತಿ, ಅಪಾಯಕ್ಕೆ ಸಿಕ್ಕ ಮೊಲದಂತೆ ಕೀರಲು ದನಿ ಮಾಡಿ ಪ್ರಾಣಿಗಳನ್ನೇ ತನ್ನ ಬಳಿಗೆ ಕರೆಸಿಕೊಳ್ಳುತ್ತಿದ್ದ. ದೂರದ ಗುರಿಗೆ ಬಾಣ ಬಿಟ್ಟು ಮೆರೆಯುವ ಹಂಬಲ ಅವನಿಗಿರಲಿಲ್ಲ. ಹತ್ತಿರ ಹೋಗುವುದು, ಹತ್ತಿರ ಬರಿಸಿಕೊಳ್ಳುವುದು, ಸದ್ದಿಲ್ಲದೆ ಇರುವುದು: ಅವನ ವಿದ್ಯೆಯ ಬುಡ ಇದೇ ಆಗಿತ್ತು. ಅದೇ ಉತ್ತರ ಕ್ಯಾಲಿಫೋರ್ನಿಯಾದ ಹೂಪಾ ಜನರ ಬಿಲ್ಲುಗಳಲ್ಲಿ ತುದಿಯ ಹತ್ತಿರ ತುಪ್ಪಳದ ಪಟ್ಟಿ ಸುತ್ತಿರುವುದುಂಟು. ಹೆದೆ ಬಡಿಯುವ ಜಾಗಕ್ಕೆ ಮೆತ್ತೆ ಬೇಕೆಂಬುದನ್ನು ಕಂಡುಕೊಳ್ಳಲು ಅವರಿಗೆ ಯಾವ ಪ್ರಯೋಗಶಾಲೆಯೂ ಬೇಕಾಗಲಿಲ್ಲ.

ಇಶಿ ಕ್ಷಯರೋಗದಿಂದ 1916ರ ಮಾರ್ಚ್‌ನಲ್ಲಿ ತೀರಿಕೊಂಡ. ಪೋಪ್ ತಮ್ಮ ಜತೆಗಾರ ಆರ್ಟ್ ಯಂಗ್ ಅವರೊಂದಿಗೆ ಬೇಟೆಯನ್ನು ಮುಂದುವರಿಸಿದರು, 1923ರಲ್ಲಿ ‘ಹಂಟಿಂಗ್ ವಿತ್ ದ ಬೋ ಆ್ಯಂಡ್ ಆ್ಯರೊ’ ಪ್ರಕಟಿಸಿದರು. ಬಿಲ್ಲಿನ ಬೇಟೆ ಒಂದು ಹವ್ಯಾಸವಾಗಿ ಹಬ್ಬಿದ್ದು ಈ ಪುಸ್ತಕದಿಂದ. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲುಗಾರರಿಗೆಂದೇ ಜಿಂಕೆ ಬೇಟೆಯ ಋತುವನ್ನು ಗೊತ್ತುಮಾಡಿತು. ವನ್ಯಜೀವಿ ಸಂರಕ್ಷಣೆಯ ಚಿಂತಕ ಆಲ್ಡೊ ಲಿಯೊಪೋಲ್ಡ್ ಕೂಡ ಆ ರಾಜ್ಯದಲ್ಲಿದ್ದು, ತಮ್ಮ ಬಿಲ್ಲು ಬಾಣಗಳನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು.

ಈ ಹೊತ್ತಿಗೆ ಬಿಲ್ಲು ಭೌತವಿಜ್ಞಾನಿಗಳ ಕಣ್ಣಿಗೂ ಬಿದ್ದಿತ್ತು. ಬೆಲ್ ಪ್ರಯೋಗಾಲಯದ ಕ್ಲಾರೆನ್ಸ್ ಹಿಕ್‌ಮನ್ ವೇಗದ ಕ್ಯಾಮೆರಾ ಹಿಡಿದು, ಬಾಣ ಬಿಲ್ಲನ್ನು ಬಳಸಿ ಬಾಗುತ್ತ ಹೋಗುವುದನ್ನು ಚಿತ್ರಿಸಿದರು. ಪಾಲ್ ಕ್ಲಾಪ್‌ಸ್ಟೆಗ್ 1934ರಲ್ಲಿ ತುರ್ಕಿಯ ಬಿಲ್ಲುಗಳ ಬಗ್ಗೆ ಪುಸ್ತಕ ಬರೆದು, ರಿಕರ್ವ್ ಆಕಾರದ ಗುಣವನ್ನು ಅಮೆರಿಕದ ಬಿಲ್ಲುಗಾರರ ಮುಂದಿಟ್ಟರು. ಇವರ ಲೆಕ್ಕಾಚಾರಗಳ ಸಾರ ಬೇಟೆಗಾರನಿಗೂ ನೇರವಾಗಿ ಸಲ್ಲುವಂಥದು. ತೋಳಿನ ತುದಿ ಹಗುರಾದಷ್ಟೂ ಬಾಣಕ್ಕೆ ಸೇರುವ ಶಕ್ತಿ ಹೆಚ್ಚು, ಅದುರಾಟ ಕಡಿಮೆ. ಬಾಣ ಭಾರವಾದಷ್ಟೂ ಅದು ಹೀರಿಕೊಳ್ಳುವ ಪಾಲು ದೊಡ್ಡದು.

ಈ ತಿಳಿವನ್ನು ಕಾರ್ಖಾನೆಗೆ ತಂದವರಲ್ಲಿ ಫ್ರೆಡ್ ಬೇರ್ ಹೆಸರು ಮುಖ್ಯ. ಪೆನ್ಸಿಲ್ವೇನಿಯಾದಲ್ಲಿ 1902ರಲ್ಲಿ ಹುಟ್ಟಿದ ಬೇರ್, ಡೆಟ್ರಾಯಿಟ್‌ನ ಮೋಟಾರು ಉದ್ಯಮದಲ್ಲಿ ಕೆಲಸಕ್ಕಿದ್ದರು. 1927ರಲ್ಲಿ ಆರ್ಟ್ ಯಂಗ್ ಅವರ ಅಲಾಸ್ಕ ಬೇಟೆಯ ಚಲನಚಿತ್ರ ನೋಡಿ ಬಿಲ್ಲಿಗೆ ಮರುಳಾದರು. ಬಿಲ್ಲು ಮಾಡುವುದನ್ನು ಯಂಗ್ ಅವರಿಂದಲೇ ಕಲಿತರು. 1933ರಲ್ಲಿ ಶುರುವಾದ ಅವರ ಸಣ್ಣ ಕಾರ್ಯಾಗಾರ ಎರಡನೆಯ ಮಹಾಯುದ್ಧದ ನಂತರ ಮಿಷಿಗನ್‌ನ ಗ್ರೇಲಿಂಗ್‌ಗೆ ಸಾಗಿ ಬೇರ್ ಆರ್ಚರಿ ಕಂಪನಿಯಾಗಿ ಬೆಳೆಯಿತು. ಆರಂಭದ ರಿಕರ್ವ್‌ಗಳ ತುದಿಗಳು ಬಾಗದೆ ಸೆಟೆದು ನಿಲ್ಲುತ್ತಿದ್ದವು. ಒಡೆಯದಿರಲೆಂದು ಅವನ್ನು ದಪ್ಪವಾಗಿ ಬಿಡಬೇಕಿತ್ತು, ದಪ್ಪ ತುದಿ ಎಂದರೆ ಹೆಚ್ಚು ಸದ್ದು. ಮರದ ತಿರುಳಿನ ಎರಡೂ ಬದಿಗೆ ಫೈಬರ್‌ಗ್ಲಾಸ್ ಪದರ ಅಂಟಿಸುವ ವಿಧಾನ 1950ರ ದಶಕದ ಆರಂಭದಲ್ಲಿ ಹದಕ್ಕೆ ಬಂದಾಗ ಚಿತ್ರ ಬದಲಾಯಿತು. ತುದಿ ತೆಳ್ಳಗಾಯಿತು, ಅದೂ ಎಳೆತದ ಜತೆ ಬಿಚ್ಚಿಕೊಂಡು ಕೆಲಸ ಮಾಡತೊಡಗಿತು. ಬೇರ್ ಅವರ ಕೊಡಿಯಾಕ್, ಗ್ರಿಜ್ಲಿ ಬಿಲ್ಲುಗಳು ಮನೆಮಾತಾದವು. 1963ರಲ್ಲಿ ಬೇರ್ ಭಾರತಕ್ಕೂ ಬಂದು ಬಿಲ್ಲಿನಿಂದ ಹುಲಿ ಹೊಡೆದರು. ಆಗ ಅದಕ್ಕೆ ಪರವಾನಗಿ ಸಿಗುತ್ತಿತ್ತು. ಈ ದೇಶದ ಕಾಡುಗಳು ಹುಲಿಯನ್ನು ಬಹುಮಟ್ಟಿಗೆ ಕಳೆದುಕೊಂಡದ್ದು ಅಂಥ ವರ್ಷಗಳಲ್ಲೇ ಎಂಬುದನ್ನು ಮರೆಯಬಾರದು.

ಫೈಬರ್‌ಗ್ಲಾಸ್ ಬಿಲ್ಲಿಗೆ ವೇಗ ಬಂತು, ಹೆದೆಯ ಬಡಿತ ಮಾತ್ರ ಪೂರ್ತಿ ಹೋಗಲಿಲ್ಲ. ಅದನ್ನು ತಗ್ಗಿಸುವ ಉಪಾಯಗಳು 1950 ಮತ್ತು 60ರ ದಶಕಗಳಲ್ಲಿ ಬೇಟೆಗಾರರ ನಡುವೆ ಒಂದೊಂದಾಗಿ ನೆಲೆಯೂರಿದವು. ಬಿಲ್ಲಿನ ಆಯ್ಕೆ ಅವುಗಳಲ್ಲಿ ಮೊದಲನೆಯದು. 28 ಅಂಗುಲ ಎಳೆತದಲ್ಲಿ 45ರಿಂದ 55 ಪೌಂಡ್ ಬಲದ ಬಿಲ್ಲು ಜಿಂಕೆಗೆ ಸಾಕೆಂಬುದು ಸಾಮಾನ್ಯ ಅಭಿಪ್ರಾಯವಾಯಿತು. ಅದಕ್ಕಿಂತ ಬಿಗಿಯಾದ ಬಿಲ್ಲನ್ನು ತ್ರಾಣ ಮೀರಿ ಎಳೆಯುವವನ ಕೈ ನಡುಗುತ್ತದೆ, ಬಿಡುವಿಕೆ ಒರಟಾಗುತ್ತದೆ, ಒರಟು ಬಿಡುವಿಕೆಯೇ ಅರ್ಧ ಸದ್ದು. ಮರದ ಮೇಲಿನ ಅಟ್ಟಣೆಗೆ 58 ಅಂಗುಲದ ಗಿಡ್ಡ ಬಿಲ್ಲು ಅನುಕೂಲ. ಸೌಮ್ಯ ಸ್ವಭಾವಕ್ಕೆ 62, 64 ಅಂಗುಲದ್ದು ಮೇಲು.

ಎರಡನೆಯದು ಬಾಣದ ತೂಕ, ಮತ್ತು ಇದರಷ್ಟು ಪರಿಣಾಮಕಾರಿಯಾದದ್ದು ಇನ್ನೊಂದಿಲ್ಲ. ಬಿಲ್ಲಿನ ಬಲದ ಪ್ರತಿ ಪೌಂಡಿಗೆ 9ರಿಂದ 10 ಗ್ರೇನ್ ಬಾಣ ಎಂಬುದು ಸಾಂಪ್ರದಾಯಿಕ ಬೇಟೆಗಾರರ ಸೂತ್ರ. 50 ಪೌಂಡಿನ ಬಿಲ್ಲಿಗೆ 500 ಗ್ರೇನ್, ಅಂದರೆ ಸುಮಾರು 32 ಗ್ರಾಂ. ಹಗುರ ಬಾಣ ಹಾಕಿದರೆ ವೇಗ ಹೆಚ್ಚುವುದು ನಿಜ, ಆದರೆ ಬಿಲ್ಲು ಕಿರುಚುತ್ತದೆ. ಬಾಣವೇ ಇಲ್ಲದೆ ಹೆದೆ ಬಿಟ್ಟರಂತೂ ಶಕ್ತಿಯೆಲ್ಲ ತೋಳುಗಳಿಗೇ ಮರಳಿ ಬಿಲ್ಲು ಸೀಳಿಹೋಗಬಹುದು.

ಮೂರನೆಯದು ಹಿಡಿಯ ಒಳಮೈಗೂ ಹೆದೆಗೂ ನಡುವಿನ ಅಂತರ. ರಿಕರ್ವ್‌ಗೆ ಇದು ಸಾಮಾನ್ಯವಾಗಿ 7ರಿಂದ 9 ಅಂಗುಲ. ಹೆದೆಗೆ ಹುರಿ ಹಾಕಿದಷ್ಟೂ ಅದು ಗಿಡ್ಡವಾಗಿ ಅಂತರ ಹೆಚ್ಚುತ್ತದೆ, ಹುರಿ ಬಿಚ್ಚಿದರೆ ತಗ್ಗುತ್ತದೆ. ಅಂತರ ತೀರ ಕಡಿಮೆಯಿದ್ದರೆ ಹೆದೆ ಮುಂಗೈಗೆ ಬಡಿದು ತೋಳುಗಳು ಝಲ್ಲೆನ್ನುತ್ತವೆ; ತೀರ ಹೆಚ್ಚಿದ್ದರೆ ಬಾಣದ ವೇಗ ಕುಂದಿ ಬಿಲ್ಲು ಬಿರುಸಾಗುತ್ತದೆ. ಎಲ್ಲೋ ನಡುವೆ, ಪ್ರತಿ ಬಿಲ್ಲಿಗೂ ಅದರದೇ ಆದ ಒಂದು ತಾಣವಿದೆ. ಅದನ್ನು ಹುಡುಕುವ ವಿಧಾನ ಅಂದಿನಿಂದ ಬದಲಾಗಿಲ್ಲ. ಕಡಿಮೆ ಅಂತರದಿಂದ ಆರಂಭಿಸಿ, ಮೂರು ನಾಲ್ಕು ಹುರಿ ಏರಿಸಿ, ಕೆಲವು ಬಾಣ ಬಿಟ್ಟು ಕಿವಿಗೊಡಬೇಕು. ಮತ್ತೆ ಹುರಿ, ಮತ್ತೆ ಬಾಣ. ಗಡುಸಾದ ಟಣ್ ಎಂಬ ದನಿ ಇಳಿದು ಧಪ್ ಎಂಬ ಮೊಂಡು ದನಿ ಬಂದ ಕಡೆ ಅಳತೆಯನ್ನು ಗುರುತು ಹಾಕಿಕೊಳ್ಳಬೇಕು. ಹೊಸ ಹೆದೆ ಕೆಲವು ದಿನ ಹಿಗ್ಗುವುದರಿಂದ ಈ ಅಳತೆಯನ್ನು ಆಗಾಗ ನೋಡುತ್ತಿರಬೇಕಾಗುತ್ತದೆ. ಬಾಣದ ಕಚ್ಚು ಹೆದೆಯ ಮೇಲೆ ಕೂರುವ ಬಿಂದು ಒಂದಿಷ್ಟು ಆಚೀಚೆಯಾದರೂ ಬಾಣ ಬಿಲ್ಲಿಗೆ ತಾಗಿ ಟಕ್ಕೆನ್ನುತ್ತದೆ. ಅದನ್ನು ಸರಿಪಡಿಸದೆ ಬೇರೆ ಏನು ಮಾಡಿದರೂ ವ್ಯರ್ಥ.

ಇಷ್ಟಾದ ಮೇಲೆ ಮೆತ್ತೆಗಳ ಸರದಿ. ಉಣ್ಣೆಯ ಕುಚ್ಚು, ರಬ್ಬರಿನ ಎಳೆ, ಬೀವರ್ ತುಪ್ಪಳದ ಪಟ್ಟಿ ಇವುಗಳಲ್ಲಿ ಯಾವುದಾದರೊಂದನ್ನು ಹೆದೆಗೆ ಕಟ್ಟುತ್ತಾರೆ. ಒಂದನ್ನು ಮೇಲಿನ ಕೊನೆಯಿಂದ ಕಾಲು ಭಾಗದಲ್ಲಿ, ಇನ್ನೊಂದನ್ನು ಕೆಳಗಿನ ಕೊನೆಯಿಂದ ಮೂರನೆಯ ಒಂದು ಭಾಗದಲ್ಲಿ ಕಟ್ಟುವುದು ಹಲವರ ರೂಢಿ. ಎರಡೂ ಸಮದೂರದಲ್ಲಿದ್ದರೆ ಹೆದೆಯ ಕೆಲವು ಅಲೆಗಳು ತಪ್ಪಿಸಿಕೊಳ್ಳುತ್ತವೆ, ಅಸಮವಾಗಿದ್ದರೆ ಹೆಚ್ಚಿನ ಅಲೆಗಳಿಗೆ ತಡೆ ಬೀಳುತ್ತದೆ. ಹೆದೆ ಒರಗುವ ಬಾಗಿನಲ್ಲಿ ಫೆಲ್ಟ್ ಬಟ್ಟೆಯ ತುಂಡು, ಬಾಣ ಕೂರುವ ಜಾಗದಲ್ಲಿ ತೊಗಲು ಅಂಟಿಸುತ್ತಾರೆ. ಬಾಗಿನ ಬಳಿ ಹೆದೆಗೆ ಸಿಕ್ಕಿಸುವ ರಬ್ಬರ್ ಗುಂಡಿಗಳು ಪೊದೆಯ ಕಡ್ಡಿ ಸಿಕ್ಕಿಕೊಳ್ಳದಿರಲೆಂದು ಬಂದವು. ಬಡಿತವನ್ನೂ ಅವು ತಗ್ಗಿಸಿದವು. ಬಿಲ್ಲಿಗೇ ಜೋಡಿಸುವ ಬತ್ತಳಿಕೆ ಸಡಿಲವಾಗಿದ್ದರೆ ಈ ಪಾಡೆಲ್ಲ ಹಾಳು. ಹೆದೆಯ ನೂಲೂ ಬದಲಾಗುತ್ತ ಬಂತು: ಮೊದಲು ಲಿನನ್, 1950ರ ದಶಕದಿಂದ ಡೆಕ್ರಾನ್, 1980ರ ದಶಕದಲ್ಲಿ ಹಿಗ್ಗದ ಫಾಸ್ಟ್‌ಫ್ಲೈಟ್. ಡೆಕ್ರಾನ್ ಹಿಗ್ಗಿ ಆಘಾತವನ್ನು ನುಂಗಿಕೊಳ್ಳುತ್ತದೆ. ಹಳೆಯ ಬಿಲ್ಲಿಗೆ ಅದೇ ತಕ್ಕದ್ದು; ಬಲಪಡಿಸದ ತುದಿಗಳ ಮೇಲೆ ಹೊಸ ನೂಲು ಕಟ್ಟಿ ಮುರಿದ ಹಳೆಯ ಬಿಲ್ಲುಗಳು ಬಹಳ.

ರಿಕರ್ವ್‌ನ ಆಳ್ವಿಕೆ ಹೆಚ್ಚು ಕಾಲ ನಡೆಯಲಿಲ್ಲ. ಮಿಸೌರಿಯ ಹಾಲೆಸ್ ವಿಲ್ಬರ್ ಆ್ಯಲೆನ್ ರಾಟೆಗಳನ್ನು ಜೋಡಿಸಿದ ಕಾಂಪೌಂಡ್ ಬಿಲ್ಲಿಗೆ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದರು. ಮುಂದಿನ ದಶಕ ಮುಗಿಯುವುದರೊಳಗೆ ಅಮೆರಿಕದ ಬೇಟೆಗಾರರಲ್ಲಿ ಬಹುಪಾಲು ಜನ ಅದರ ಪಾಲಾದರು. ವೇಗದ ಪೈಪೋಟಿ ಬೇಡವೆಂದವರು, ಇಪ್ಪತ್ತು ಗಜದೊಳಗೆ ನುಸುಳಿ ಹೋಗುವುದರಲ್ಲೇ ಬೇಟೆಯ ಹುರುಳಿದೆ ಎಂದು ನಂಬಿದವರು ರಿಕರ್ವ್ ಬಿಡಲಿಲ್ಲ. 1980ರ ದಶಕದಿಂದ ಅಂಥವರ ಬಳಗ ಮತ್ತೆ ಬೆಳೆಯಿತು.

ಭಾರತದಲ್ಲಿ ಈ ವಿದ್ಯೆಯ ಬೇಟೆಯ ಮುಖಕ್ಕೆ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಕೊಲ್ಲುವ ಪ್ರಯತ್ನವೂ ಬೇಟೆಯೆಂದೇ ಎಣಿಕೆಯಾಗುತ್ತದೆ; ಆಯುಧ ಬಂದೂಕೋ ಬಿಲ್ಲೋ ಎಂಬ ಭೇದ ಅಲ್ಲಿಲ್ಲ. ಅದೇ 1972ರಲ್ಲಿ ಬಿಲ್ಲುಗಾರಿಕೆ ಮ್ಯೂನಿಕ್ ಒಲಿಂಪಿಕ್ಸ್‌ಗೆ ಮರಳಿತು. ನಮ್ಮ ಕ್ರೀಡಾಪಟುಗಳು ಒಲಿಂಪಿಕ್ಸ್‌ಗೆ ಒಯ್ಯುತ್ತ ಬಂದಿರುವುದು ರಿಕರ್ವ್ ಬಿಲ್ಲನ್ನೇ. ಹೆದೆಯ ಅಂತರವನ್ನು ಕಿವಿಗೊಟ್ಟು ಹೊಂದಿಸುವ ಮೇಲಿನ ಕ್ರಮವನ್ನು ಅವರೂ ಪಾಲಿಸುವುದುಂಟು.