ದೀಪ ಹಚ್ಚಿದ ಮೇಲಿನ ಊಟ

ಹಿಂದಿನವರು ಹೊತ್ತು ಮುಳುಗುವ ಮುನ್ನ ಉಂಡು ಮಲಗುತ್ತಿದ್ದರು, ವಿದ್ಯುತ್ ದೀಪ ಬಂದ ಮೇಲೆ ಅಭ್ಯಾಸ ಕೆಟ್ಟಿತು ಎಂಬ ಮಾತು ಆರೋಗ್ಯದ ಅಂಕಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯ ಗ್ರಂಥಗಳನ್ನು ತೆರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ರಾತ್ರಿ ಉಣ್ಣಲೇಬಾರದು ಎಂದವರು, ಅಳತೆಯರಿತು ಉಣ್ಣಬಹುದು ಎಂದವರು, ರಾತ್ರಿ ಮಾತ್ರ ಉಣ್ಣುತ್ತೇವೆಂದು ವ್ರತ ಹಿಡಿದವರು ಈ ನಾಡಿನಲ್ಲಿ ಜೊತೆಜೊತೆಗೇ ಬದುಕಿದ್ದರು. ಒಬ್ಬರ ಕಾರಣ ಇನ್ನೊಬ್ಬರದಲ್ಲ. ಎಲ್ಲವನ್ನೂ ‘ಪೂರ್ವಿಕರ ಜ್ಞಾನ’ ಎಂಬ ಒಂದೇ ಗಂಟಿಗೆ ಕಟ್ಟಿದರೆ ಇತಿಹಾಸ ಕೈಗೆ ಸಿಗುವುದಿಲ್ಲ ಎಂಬುದು ಈ ಲೇಖನದ ವಾದ.

ನಿಷೇಧದ ಪರಂಪರೆಯಲ್ಲಿ ಜೈನರದು ಅತ್ಯಂತ ಕಟ್ಟುನಿಟ್ಟಾದದ್ದು. ದಶವೈಕಾಲಿಕ ಸೂತ್ರ ಮುನಿಗಳ ಐದು ಮಹಾವ್ರತಗಳ ಜೊತೆಗೆ ರಾತ್ರಿಭೋಜನ ತ್ಯಾಗವನ್ನು ಆರನೆಯದಾಗಿ ಹೇಳುತ್ತದೆ. ಗಂಗರ ನಾಡಿನೊಡನೆ ಹೆಸರು ಬೆಸೆದುಕೊಂಡಿರುವ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಇದು ಬೇರೆ ವ್ರತವಲ್ಲ, ನೋಡಿ ಉಣ್ಣಬೇಕೆಂಬ ಅಹಿಂಸೆಯ ಭಾವನೆಯಲ್ಲೇ ಅಡಗಿದೆ ಎಂದು ಸಮಾಧಾನ ಹೇಳಿದರು. ಕಣ್ಣಿಗೆ ಕಾಣದಿದ್ದರೆ ತಟ್ಟೆಗೆ ಬಿದ್ದ ಹುಳುಹುಪ್ಪಟೆ ತಿಳಿಯುವುದಿಲ್ಲ. ಅವರ ಚಿಂತೆ ಆ ಜೀವದ್ದು, ಉಣ್ಣುವವನ ಹೊಟ್ಟೆಯದಲ್ಲ.

ಸುಮಾರು 10ನೆಯ ಶತಮಾನದ ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಚಾರದ ಮೇಲೊಂದು ಸೊಗಸಾದ ವಾಗ್ವಾದವಿದೆ. ಹಿಂಸೆಯೇ ದೋಷವಾದರೆ ಹಗಲೂಟ ಬಿಟ್ಟು ರಾತ್ರಿಯಷ್ಟೇ ಉಂಡರೂ ಆಯಿತಲ್ಲ, ಆಗಲೂ ಹಿಂಸೆ ಸದಾ ಕಾಲ ನಡೆಯುವುದಿಲ್ಲವಲ್ಲ ಎಂದು ಎದುರಾಳಿ ಕೇಳುತ್ತಾನೆ. ರಾತ್ರಿಯ ಊಟದಲ್ಲಿ ಆಸೆಯ ಬಿರುಸು ಹೆಚ್ಚು ಎಂಬುದು ಅಮೃತಚಂದ್ರರ ಒಂದು ಉತ್ತರ. ದೀಪ ಹಚ್ಚಿಕೊಂಡರೂ ಅನ್ನದೊಳಗಿನ ಸಣ್ಣ ಜೀವಿಗಳನ್ನು ಉಳಿಸಲಾಗದು ಎಂಬುದು ಇನ್ನೊಂದು. ಇಂಥ ಪ್ರಶ್ನೆ ಹುಟ್ಟಬೇಕಾದರೆ ದೀಪದ ಬೆಳಕಿನಲ್ಲಿ ಕೂತು ಉಣ್ಣುವವರು ಸುತ್ತಲೂ ಇದ್ದಿರಲೇಬೇಕು. ನಿಷೇಧ ಬಿಗಿಯಾದಷ್ಟೂ ಅದರ ಹಿಂದೆ ರೂಢಿ ಗಟ್ಟಿಯಾಗಿತ್ತೆಂದೇ ನಾನು ಓದುತ್ತೇನೆ. 12ನೆಯ ಶತಮಾನದ ಗುಜರಾತಿನಲ್ಲಿ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಭಯವನ್ನೂ ಸೇರಿಸಿದರು: ಊಟದಲ್ಲಿ ಇರುವೆ ಹೋದರೆ ಬುದ್ಧಿ ಕೆಡುತ್ತದೆ, ಹೇನು ಹೋದರೆ ಜಲೋದರ, ನೊಣದಿಂದ ವಾಂತಿ, ಜೇಡದಿಂದ ಕುಷ್ಠ. ಹೀಗೆ ಜೀವದಯೆಯ ನಿಯಮದೊಳಗೆ ಆರೋಗ್ಯದ ಮಾತು ಕಾಲಿಟ್ಟಿತು. 13ನೆಯ ಶತಮಾನದ ಪಂಡಿತ ಆಶಾಧರರಾದರೋ ಸಾಗಾರಧರ್ಮಾಮೃತದಲ್ಲಿ ಮೊದಲ ಮೆಟ್ಟಿಲಿನ ಶ್ರಾವಕನಿಗೆ ರಾತ್ರಿ ನೀರು, ಔಷಧ, ತಾಂಬೂಲ, ಏಲಕ್ಕಿಗಳನ್ನು ಬಿಟ್ಟುಕೊಟ್ಟರು. ಮಲಗುವ ಮುನ್ನ ಬಾಯಿಗೆ ಏನಾದರೂ ಬೇಕೆನ್ನುವ ಸಂಸಾರಸ್ಥರನ್ನು ಬಲ್ಲ ಪಂಡಿತನ ಔದಾರ್ಯ ಅದು.

ವೈದ್ಯರ ದಾರಿ ಬೇರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಗ್ರಹಣಿ ಅಧ್ಯಾಯ ಹೇಳುವಂತೆ, ಬೆಳಗಿನ ಊಟ ಪೂರ್ತಿ ಅರಗದಿದ್ದರೂ ಸಂಜೆ ಉಂಡರೆ ಅಷ್ಟು ಕೆಡುಕಿಲ್ಲ; ರಾತ್ರಿ ಉಂಡದ್ದು ಅರಗದಿರುವಾಗ ಬೆಳಗ್ಗೆ ಉಂಡರೆ ಕೇಡು. ಹಗಲು ಹೃದಯ ಸೂರ್ಯನಿಗೆ ತಾವರೆಯ ಹಾಗೆ ಅರಳಿರುತ್ತದೆ, ಓಡಾಟದಿಂದ ಸ್ರೋತಸ್ಸುಗಳು, ಅಂದರೆ ದೇಹದೊಳಗಿನ ಹರಿವಿನ ದಾರಿಗಳು, ತೆರೆದಿರುತ್ತವೆ. ರಾತ್ರಿ ಅವು ಮುಚ್ಚುತ್ತವೆ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಇಲ್ಲಿ ರಾತ್ರಿಯೂಟವೇ ತಪ್ಪು ಎಂದಿಲ್ಲ, ಅದರ ಮೇಲೆ ಇನ್ನೊಂದು ಊಟ ಪೇರಿಸುವುದು ತಪ್ಪು. ಅದೇ ಸಂಹಿತೆಯ ಸೂತ್ರಸ್ಥಾನ ರಾತ್ರಿ ಮೊಸರು ಕೂಡದು ಎನ್ನುತ್ತದೆ. ಸಾರು, ಪಲ್ಯಗಳ ಸರದಿ ಮುಗಿದ ಮೇಲೆ ಕೊನೆಗೊಂದಿಷ್ಟು ಮೊಸರನ್ನ, ಅಂಚಿಗೆ ಉಪ್ಪಿನಕಾಯಿ ಇಲ್ಲದೆ ರಾತ್ರಿಯ ಊಟ ಮುಗಿಯಿತೆನ್ನದ ಲಕ್ಷಾಂತರ ಮನೆಗಳು ಕರ್ನಾಟಕದಲ್ಲಿವೆ. ಶಾಸ್ತ್ರವನ್ನು ಗೌರವಿಸುತ್ತಲೇ ಅಡುಗೆಮನೆ ತನ್ನ ದಾರಿ ಹಿಡಿದಿದೆ.

ಮೂರನೆಯದು ವ್ರತದ ಪರಂಪರೆ. ಧರ್ಮಶಾಸ್ತ್ರದ ‘ನಕ್ತ’ ಎಂದರೆ ಹಗಲೆಲ್ಲ ಉಪವಾಸವಿದ್ದು ನಕ್ಷತ್ರ ಕಂಡ ಮೇಲೆ ಒಂದೇ ಊಟ. ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಹೇಮಾದ್ರಿ 13ನೆಯ ಶತಮಾನದಲ್ಲಿ ಚತುರ್ವರ್ಗಚಿಂತಾಮಣಿಯ ವ್ರತಖಂಡವನ್ನು ಸಂಕಲಿಸಿದಾಗ ಇಂಥ ವ್ರತಗಳು ಬೇರುಬಿಟ್ಟಿದ್ದವು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಇಲ್ಲಿನವರು ಉಪವಾಸದ ದಿನ ಹಗಲಿಡೀ ಏನೂ ತಿನ್ನದೆ ನಡುರಾತ್ರಿಯಲ್ಲಷ್ಟೇ ಉಣ್ಣುತ್ತಾರೆಂದು ಬರೆದಿಟ್ಟಿದ್ದಾನೆ. ಸಂಕಷ್ಟಿಯ ದಿನ ಪಂಚಾಂಗದಲ್ಲಿ ಚಂದ್ರೋದಯದ ಗಳಿಗೆ ನೋಡಿಕೊಂಡು, ಮೋಡ ಸರಿಯಲೆಂದು ಮಹಡಿಯ ಮೇಲೆ ಕಾದು, ಒಂಬತ್ತು ದಾಟಿದ ಮೇಲೆ ಎಲೆಯ ಮುಂದೆ ಕೂರುವವರು ಆ ಪರಂಪರೆಯ ಇಂದಿನ ವಾರಸುದಾರರು. ಅವರಿಗೆ ತಡರಾತ್ರಿಯ ಊಟ ಶಿಸ್ತಿನ ಫಲ.

ಹಾಗಾದರೆ ವಿದ್ಯುತ್ತಿನ ಪಾತ್ರವೇನು? 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಆದರೆ ಕರಾವಳಿಯಲ್ಲಿ ಯಕ್ಷಗಾನ ಬಯಲಾಟ ಅದಕ್ಕೂ ಬಹಳ ಹಿಂದಿನಿಂದ ದೀವಟಿಗೆಯ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟಿನಲ್ಲಿ ಬೆಳಗಿನವರೆಗೂ ನಡೆಯುತ್ತಿತ್ತು. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ತನಕ ಗದ್ದೆಯಂಚಿನಲ್ಲಿ ಚಾ, ಚರುಮುರಿ, ಬಿಸಿ ಗೋಳಿಬಜೆಯ ಅಂಗಡಿಗಳಿಗೆ ಬಿಡುವಿಲ್ಲ. ಅಪರಾತ್ರಿಯ ತಿಂಡಿಯನ್ನು ವಿದ್ಯುತ್ತು ಹುಟ್ಟುಹಾಕಲಿಲ್ಲ. ಹಬ್ಬಕ್ಕೋ ಆಟಕ್ಕೋ ಸೀಮಿತವಾಗಿದ್ದದ್ದನ್ನು ಅದು ದಿನನಿತ್ಯದ್ದಾಗಿಸಿತು, ಅದರಲ್ಲೂ ಪಾಳಿಯಲ್ಲಿ ದುಡಿಯುವವರಿಗೆ. ಬುತ್ತಿ ಬಿಚ್ಚುವ ಹೊತ್ತನ್ನು ಅವರಿಗೆ ಗೊತ್ತುಮಾಡಿದ್ದು ಗಣಿ ಮತ್ತು ಗಿರಣಿ.

ಆಧುನಿಕ ವೈದ್ಯಶಾಸ್ತ್ರ ಈ ವಿಷಯಕ್ಕೆ ಬಂದದ್ದು ತಡವಾಗಿ. 1955ರಲ್ಲಿ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್, ಬೆಳಗ್ಗೆ ಹಸಿವಿಲ್ಲದೆ ಸಂಜೆಯ ನಂತರ ವಿಪರೀತ ತಿಂದು ನಿದ್ದೆಗೆಡುವ ಸ್ಥೂಲಕಾಯದ ರೋಗಿಗಳನ್ನು ಗಮನಿಸಿ ಅದನ್ನೊಂದು ಪ್ರತ್ಯೇಕ ತೊಂದರೆಯೆಂದು ವಿವರಿಸಿದ. 2012ರಲ್ಲಿ ಜೀವವಿಜ್ಞಾನಿ ಸಚ್ಚಿದಾನಂದ ಪಂಡಾ ಅವರ ತಂಡ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟು ನೋಡಿತು. ದಿನವಿಡೀ ತಿಂದವಕ್ಕೆ ಬೊಜ್ಜು ಬಂತು; ಸರಿಸುಮಾರು ಅಷ್ಟೇ ಕ್ಯಾಲರಿಯನ್ನು ಎಂಟು ತಾಸಿನೊಳಗೆ ತಿಂದವು ಬಹುಮಟ್ಟಿಗೆ ಆರೋಗ್ಯವಾಗಿದ್ದವು. ‘ಸೂರ್ಯಾಸ್ತಕ್ಕೆ ಮುಂಚೆ ಉಣ್ಣಿ’ ಎಂಬ ಹಳೆಯ ಮಾತಿಗೆ ಪುರಾವೆ ಸಿಕ್ಕಿತೆಂದು ಹಲವರು ಈ ಪ್ರಯೋಗವನ್ನು ಮುಂದಿಡುತ್ತಾರೆ. ಅವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ: ಇಲಿ ನಿಶಾಚರ ಪ್ರಾಣಿ, ಆ ಎಂಟು ತಾಸು ಕತ್ತಲೆಯ ಹೊತ್ತಿನದೇ ಆಗಿತ್ತು. ಅಲ್ಲಿ ಅಳೆದದ್ದು ದೇಹ ಎಚ್ಚರವಾಗಿ ದುಡಿಯುವ ಹೊತ್ತನ್ನು. ಓಡಾಟದಿಂದ ಸ್ರೋತಸ್ಸು ತೆರೆಯುತ್ತದೆಂದ ಚರಕನಿಗೆ ಆ ಫಲಿತಾಂಶ ಹತ್ತಿರವಾದೀತು. ತಟ್ಟೆಗೆ ಬಿದ್ದ ಹುಳುವಿನ ಜೀವ ಉಳಿಸಹೊರಟ ಅಮೃತಚಂದ್ರರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ, ಅವರ ವಾದಕ್ಕೆ ಇಲಿಯ ಸಾಕ್ಷಿ ಬೇಕಾಗಿಯೂ ಇಲ್ಲ.