ಉಪ್ಪಾರಪೇಟೆಗೆ ‘ರಿಲೀಫ್’ ಬಂದ ದಾರಿ

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಉಪ್ಪಾರಪೇಟೆ ಕಡೆ ನಾಲ್ಕು ಹೆಜ್ಜೆ ಹಾಕಿದ್ರೆ ಒಂದು ಮೆಡಿಕಲ್ ಶಾಪ್ ಸಿಗುತ್ತೆ. ಸೊಂಟಕ್ಕೆ, ಮಂಡಿಗೆ, ತಲೆನೋವಿಗೆ ಅಂತ ಸಾಲಾಗಿ ಡಬ್ಬಿಗಳು. ಮೇಲೆಲ್ಲ ಅದೇ ಪದ, ರಿಲೀಫ್. ಡೆಡ್‌ಲೈನ್ ಎರಡು ದಿನ ಮುಂದಕ್ಕೆ ಹೋದ್ರೂ ನಾವು ‘ಸದ್ಯ, ರಿಲೀಫ್ ಆಯ್ತು’ ಅಂತೀವಿ. (‘ಸದ್ಯ’ ಅಂದಾಗಲೇ ಮಾತು ಮುಗಿದಿತ್ತು. ರಿಲೀಫ್ ಬರೀ ಒಗ್ಗರಣೆ.) ನನ್ನ ವಾದ ಇಷ್ಟೇ: ಈ ಪದ ನಮ್ಮೂರಲ್ಲಿ ಬೇರೂರಿದ್ದು ಮುಲಾಮಿನ ಡಬ್ಬಿಯಿಂದಲ್ಲ, ಬರಗಾಲದಿಂದ.

ಲ್ಯಾಟಿನ್ನಿನಲ್ಲಿ ‘ಲೆವಿಸ್’ ಅಂದ್ರೆ ಹಗುರ. ರಿಲೀವ್ ಹುಟ್ಟಿದ್ದು ಅದರಿಂದ, ಅಲೀವಿಯೇಟ್ ಕೂಡ. ‘ಮನಸ್ಸು ಹಗುರಾಯ್ತು’ ಅನ್ನುವಾಗ ನಾವು ಬಿಡಿಸೋದೂ ಅದೇ ಚಿತ್ರ. ಆದರೆ ನಾರ್ಮನ್ ದೊರೆಗಳ ಕಾಲದ ಇಂಗ್ಲೆಂಡಿನಲ್ಲಿ ‘ರಿಲೀಫ್’ ಅಂದ್ರೆ, ಅಪ್ಪ ಸತ್ತ ಮೇಲೆ ಆಸ್ತಿ ಕೈಗೆ ಬರಲು ಮಗ ಒಡೆಯನಿಗೆ ಕಟ್ಟಬೇಕಿದ್ದ ಹಣ! ಹಗುರ ಮಾಡುವ ಪದವೇ ತಲೆಮೇಲೆ ಹೊರೆಯಾಗಿ ಕೂತಿತ್ತು.

ನಮ್ಮ ‘ಪರಿಹಾರ’ದ ಕಥೆ ಸ್ವಲ್ಪ ಉಲ್ಟಾ. ಹಳೇ ತಾಮ್ರಪಟ, ಕಲ್ಲುಶಾಸನಗಳಲ್ಲಿ ‘ಸರ್ವಪರಿಹಾರ’, ‘ಸರ್ವಬಾಧಾ ಪರಿಹಾರ’ ಅಂತ ಬರುತ್ತೆ. ದಾನ ಕೊಟ್ಟ ಈ ಭೂಮಿಗೆ ಇನ್ನು ಮೇಲೆ ತೆರಿಗೆ ಇಲ್ಲ, ಅಧಿಕಾರಿಗಳ ಕಾಟ ಇಲ್ಲ ಅನ್ನೋದು ಅದರ ಅರ್ಥ. ಅಂದ್ರೆ ರಾಜ್ಯ ತನ್ನ ಕೈಯನ್ನು ಹಿಂದಕ್ಕೆ ತಗೊಳ್ಳೋದೇ ಪರಿಹಾರವಾಗಿತ್ತು. ಈಗ ಟಿವಿ ಪರದೆಯ ಕೆಳಗೆ ‘ಪರಿಹಾರ ಘೋಷಣೆ’ ಅಂತ ಓಡುತ್ತಲ್ಲ, ಅದರ ಮುಂದೆ ಎಷ್ಟು ಲಕ್ಷ ಅನ್ನೋ ಅಂಕಿ ಇಲ್ಲದಿದ್ರೆ ನಮಗೆ ಸುದ್ದಿ ಅಪೂರ್ಣ ಅನ್ಸುತ್ತೆ. ಈ ಎರಡು ಅರ್ಥಗಳ ನಡುವೆ ಒಂದು ಭೀಕರ ಬರ ಇದೆ.

1876ರಿಂದ 78ರವರೆಗಿನ ಬರ. ಜನ ಅದನ್ನು ನೆನಪಿಟ್ಟುಕೊಂಡಿದ್ದು ಸಂವತ್ಸರಗಳ ಹೆಸರಲ್ಲಿ: ಧಾತು, ಈಶ್ವರ. ಮೈಸೂರು ಸಂಸ್ಥಾನದ ಆಡಳಿತ ಆಗ ಬ್ರಿಟಿಷರ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ. ಹತ್ತು ವರ್ಷದ ನಂತರ ಎಣಿಸಿದಾಗ ಸುಮಾರು 42 ಲಕ್ಷ. ಬೆಳೆಯಬೇಕಿದ್ದ ಸಂಖ್ಯೆ ಎಂಟು ಲಕ್ಷ ಕುಸಿದಿತ್ತು. ಆಗ ತೆರೆದದ್ದು ರಿಲೀಫ್ ಕ್ಯಾಂಪು, ರಿಲೀಫ್ ಕಾಮಗಾರಿ. ಹಸಿದವನು ಮಣ್ಣು ಹೊರಬೇಕು, ಕಲ್ಲು ಒಡೆಯಬೇಕು, ಆಮೇಲೆ ಊಟ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದ್ರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೊಂದಿಷ್ಟು ಪುಡಿಗಾಸಿಗೆ ಇಳಿಸಿದ. ದುಡಿಯುವ ಮೈಗೆ ಇದು ಸಾಲಲ್ಲ ಅಂತ ಅಲ್ಲಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಕಾದಾಡಿದರು. ಹಗುರ ಮಾಡುವ ಪದದ ಹೆಸರಲ್ಲಿ ಹಸಿದವರ ತಲೆಮೇಲೆ ಮಣ್ಣಿನ ಬುಟ್ಟಿ.

ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಶುರುವಾಗಿದ್ದೂ ಇಂಥ ಬರಪರಿಹಾರದ ಕಾಮಗಾರಿಯಾಗಿಯೇ. ಆ ರೈಲು ಬಂದು ನಿಂತದ್ದು ಉಪ್ಪಾರಪೇಟೆಯ ಪಕ್ಕದಲ್ಲಿ. ಮಧ್ಯೆ ಧರ್ಮಾಂಬುಧಿ ಕೆರೆ, ಅಂದ್ರೆ ಇವತ್ತಿನ ನಮ್ಮ ಬಸ್ ಸ್ಟ್ಯಾಂಡ್. ಉಪ್ಪಾರರ ಮೂಲ ಕಸುಬು ಉಪ್ಪು ತೆಗೆಯೋದು, ಜೊತೆಗೆ ಮಣ್ಣು, ಗಾರೆ, ಕಟ್ಟಡದ ಕೆಲಸ. ಅವರ ಹೆಸರು ಹೊತ್ತ ಪೇಟೆಯ ಬಾಗಿಲಿಗೇ ರಿಲೀಫು ಹಳಿಯಾಗಿ ಬಂತು.

1898ರ ಆಗಸ್ಟಿನಲ್ಲಿ ಪ್ಲೇಗು ಊರಿಗೆ ಬಂದದ್ದೂ ರೈಲಿನಲ್ಲೇ. ಆಗ ಬೇಕಾಗಿದ್ದು ಹೊಟ್ಟೆಯ ಪರಿಹಾರಕ್ಕಿಂತ ಭಯದ ಪರಿಹಾರ. ಇಂಗ್ಲಿಷಿನ ಆಡಳಿತ ಭಾಷೆಯಲ್ಲಿ ಭಯವನ್ನು ‘ಅಲೇ’ ಮಾಡ್ತಾರೆ. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ‘ಕೆಳಗಿಡು’. ಆದರೆ ಪೇಟೆಯಲ್ಲಿ ಭಯವನ್ನು ಯಾರೂ ಕೆಳಗಿಡಲಿಲ್ಲ, ಜನರನ್ನೇ ಎತ್ತಿ ಹೊರಗಿಟ್ಟರು. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್. ಮನೆ ತಪಾಸಣೆ, ಊರಾಚೆ ಶೆಡ್ಡು, ಸೋಂಕಿತರನ್ನು ಬೇರೆ ಇಡೋದು. ಆಡಳಿತದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಕಾಯಿಲೆಯವರನ್ನು ಎಳ್ಕೊಂಡು ಹೋಗ್ತಾರೆ ಅನ್ನೋ ಹೆದರಿಕೆಗೆ ಮನೆಯವರು ರೋಗಿಯನ್ನೇ ಬಚ್ಚಿಟ್ಟರು. ‘ಏನಿಲ್ಲ, ಬರೀ ಜ್ವರ’ ಅನ್ನೋ ಮಾತು ಎಷ್ಟು ಹೊಸ್ತಿಲಲ್ಲಿ ಕೇಳಿಸಿತೋ!

ಸಂತೈಸೋದಕ್ಕೆ ಇಂಗ್ಲಿಷಿನಲ್ಲಿರೋ ‘ಸೂದ್’ನ ಹುಟ್ಟೂ ಇಂಥದ್ದೇ ಜಾಗ. ಅದು ‘ಸತ್ಯ’ ಅನ್ನೋ ಪದದಿಂದ ಬಂದದ್ದು. ಮೊದಲು ‘ನಿಜವೆಂದು ತೋರಿಸು’, ಆಮೇಲೆ ‘ಹೌದಪ್ಪಾ ಹೌದು ಅನ್ನು’, ಕೊನೆಗೆ ‘ಬೆನ್ನು ಸವರು’. ಸತ್ಯದಿಂದ ಹೊರಟು ಸಮಾಧಾನಕ್ಕೆ ಬರೋ ಹೊತ್ತಿಗೆ ಸತ್ಯ ದಾರೀಲೇ ಇಳ್ಕೊಂಡಿತ್ತು.

ಪೇಟೆಯ ಜನಕ್ಕೆ ಬೇರೊಂದು ಭಾಷೆ ಇತ್ತು, ತಂಪಿನ ಭಾಷೆ. ಬೆಂಗಳೂರಲ್ಲಿ ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. ಮಾರಿಗೆ ಇಂಗ್ಲಿಷ್ ಹೆಸರು, ಪೂಜೆ ಮಾತ್ರ ನಮ್ಮದು: ಬೇವಿನ ಸೊಪ್ಪು, ತಂಬಿಟ್ಟಿನಾರತಿ, ಮೊಸರನ್ನ. ಅಮ್ಮನನ್ನು ಓಡಿಸಲ್ಲ, ತಣ್ಣಗೆ ಮಾಡ್ತಾರೆ. ‘ನಿನ್ ಹೊಟ್ಟೆ ತಣ್ಣಗಿರ್ಲಿ’ ಅಂತ ಅಜ್ಜಿಯರು ಹರಸೋದೂ ಇದೇ ಭಾಷೆಯಲ್ಲಿ. ಇದರಿಂದ ಪ್ಲೇಗಿನ ಕ್ರಿಮಿ ಸಾಯಲ್ಲ, ಒಪ್ತೀನಿ. ಆದರೆ ರಾತ್ರಿ ಕಳೆಯೋದಕ್ಕೂ ಏನಾದ್ರೂ ಬೇಕಲ್ಲ? ‘ನೆಮ್ಮು’ ಅಂದ್ರೆ ಹಳಗನ್ನಡದಲ್ಲಿ ಒರಗು, ಆಧಾರ ಹಿಡಿ. ನೆಮ್ಮದಿಯ ಬೇರು ಅಲ್ಲಿದೆ. ಒರಗೋಕೆ ಒಂದು ಗೋಡೆಯೋ ಹೆಗಲೋ ಇರಬೇಕು. ಶೆಡ್ಡಿನಲ್ಲಿ ಎರಡೂ ಇರಲಿಲ್ಲ.

ಕೈಲಾದವರು ಪೇಟೆ ಬಿಟ್ಟರು. ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ತುಂಬಿದ್ದು ಆ ಪ್ಲೇಗಿನ ನಂತರವೇ. ಅಗಲ ರಸ್ತೆ, ಮನೆ ಸುತ್ತ ಗಾಳಿ ಬೆಳಕು, ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ. ಒತ್ತೊತ್ತಾಗಿದ್ದ ಊರಿನ ಹೊರೆ ನಿಜಕ್ಕೂ ಹಗುರಾದದ್ದು ಅಲ್ಲಿ. ‘ಪೀಸ್‌ಫುಲ್ ಏರಿಯಾ’ ಅಂತ ನೀವು ಮಲ್ಲೇಶ್ವರದಲ್ಲಿ ಸ್ವಲ್ಪ ಜಾಸ್ತಿ ಬಾಡಿಗೆ ಕೊಡ್ತಿದ್ರೆ, ಅದರಲ್ಲೊಂದು ಪಾಲು 1898ರ ಭಯಕ್ಕೆ ಸಲ್ಲುತ್ತೆ. ಕೈಲಾಗದವರು ಪ್ಲೇಗು ಇಳಿದ ಮೇಲೆ ಉಪ್ಪಾರಪೇಟೆ, ಕಾಟನ್‌ಪೇಟೆಯ ಅದೇ ಗಲ್ಲಿಗಳಿಗೆ ವಾಪಸ್ ಬಂದು, ಗೋಡೆಗೆ ಸುಣ್ಣ ಬಳಿದು ಬಾಗಿಲು ತೆರೆದರು.