ವಿದ್ಯಾದಾನ ಮತ್ತು ದಾನಿಯ ಧನ

ಉಮ್ಮಚಗಿಯ ಸಂಸ್ಕೃತ ಪಾಠಶಾಲೆಯಾಗಲಿ, ಸಿರಸಿ ಸಮೀಪದ ಸೋಂದೆಯ ಸ್ವಾದಿ ಜೈನಮಠವಾಗಲಿ, ಪರರ ಧನದಿಂದ ವಿದ್ಯೆಯನ್ನು ಪೋಷಿಸುವ ಕ್ರಮ ಈ ಘಟ್ಟದ ಸೀಮೆಗೆ ಹೊಸತಲ್ಲ. ಆದರೆ ದಾನಿಯ ಧನ ಹೇಗೆ ಬಂದುದು? ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯೋಪಾತ್ತಧನವನ್ನೇ, ಎಂದರೆ ನ್ಯಾಯದಿಂದ ಗಳಿಸಿದ ದ್ರವ್ಯವನ್ನೇ, ಮೊದಲು ಇರಿಸಿದ್ದಾರೆ.

ಸಿರಸಿಯಲ್ಲಿ ಬಾಲ್ಯವನ್ನು ಕಳೆದ ಗಿರೀಶ ಕಾರ್ನಾಡರು (1938–2019) ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಹಾಗೂ ಸಂಖ್ಯಾಶಾಸ್ತ್ರವನ್ನು ಆರಿಸಿಕೊಂಡುದು ಆ ವಿಷಯಗಳ ಮೇಲಿನ ಒಲವಿನಿಂದಲ್ಲ. ಅವುಗಳಲ್ಲಿ ಹೆಚ್ಚು ಅಂಕ ದೊರೆತರೆ ವಿದೇಶದ ವಿದ್ಯಾರ್ಥಿವೇತನಕ್ಕೆ ದಾರಿಯಾಗುವುದೆಂಬ ಲೆಕ್ಕದಿಂದ. 1958ರಲ್ಲಿ ಪದವಿ ಪಡೆದರು. ರೋಡ್ಸ್ ವಿದ್ಯಾರ್ಥಿವೇತನ ದೊರೆತು 1960ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಅರ್ಜಿಯ ಸಿದ್ಧತೆ ಅರ್ಜಿಗೆ ವರ್ಷಗಳ ಮೊದಲೇ ಆರಂಭವಾಗಿತ್ತೆನ್ನಬೇಕು.

ಈ ವೇತನಕ್ಕೆ ಅಂಕಗಳಷ್ಟೇ ಸಾಲವು. 1902ರಲ್ಲಿ ನಿಧನನಾದ ಸೆಸಿಲ್ ರೋಡ್ಸ್ ತನ್ನ ಮರಣಶಾಸನದಲ್ಲಿ ವಿದ್ಯೆಯೊಡನೆ ಕ್ರೀಡೆ, ಸತ್ಯನಿಷ್ಠೆ, ಧೈರ್ಯ, ದುರ್ಬಲರ ರಕ್ಷಣೆ ಮುಂತಾದ ಗುಣಗಳನ್ನೂ ವಿಧಿಸಿದ್ದನು. ಆಯ್ಕೆ ಸಮಿತಿಯು ಅಭ್ಯರ್ಥಿಯನ್ನು ಎದುರಿಗೆ ಕುಳ್ಳಿರಿಸಿ ಇವನ್ನೆಲ್ಲ ಪರೀಕ್ಷಿಸುತ್ತದೆ. (ಸ್ತ್ರೀಯರಿಗೆ ಅವಕಾಶ ದೊರೆತುದು 1977ರಿಂದ ಮಾತ್ರ.) ದುರ್ಬಲರ ರಕ್ಷಣೆಯನ್ನು ಬಯಸಿದ ಈ ದಾನಿಯ ಸಂಪತ್ತಾದರೋ ದಕ್ಷಿಣ ಆಫ್ರಿಕದ ಕಿಂಬರ್ಲಿಯ ವಜ್ರದ ಗಣಿಗಳದು, ಅಲ್ಲಿ ಕರಿಯ ಕೂಲಿಗಳನ್ನು ಆವರಣಗಳಲ್ಲಿ ಕೂಡಿಹಾಕಿ ದುಡಿಸಲಾಗುತ್ತಿತ್ತು. ಅವನ ಕಂಪನಿಯು ಆಫ್ರಿಕದ ಮೂಲನಿವಾಸಿಗಳ ನೆಲವನ್ನು ಬಲದಿಂದ ಕಸಿದುಕೊಂಡಿತು. ನಮ್ಮ ಬಸದಿಗಳ ಟ್ರಸ್ಟುಗಳು ವಿದ್ಯಾರ್ಥಿಯಿಂದ ಆದಾಯದ ಪ್ರಮಾಣಪತ್ರವನ್ನು ಕೇಳುತ್ತವೆ. ದಾನಿಯಿಂದ ಕೇಳಿದ ಉದಾಹರಣೆ ವಿರಳ.

ಹಾಗಾದರೆ ಅಂತಹ ಧನವನ್ನು ಸ್ವೀಕರಿಸಬಾರದಿತ್ತೆ? ನನಗೆ ಹಾಗೆನ್ನಿಸದು. ಬ್ರಿಟಿಷ್ ಸಾಮ್ರಾಜ್ಯದ ಹಿತವು ದಾನಿಯ ಉದ್ದೇಶವಾಗಿತ್ತು. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ತರುಣ ಹೊರಡುವ ಮುನ್ನ ಬರೆದುದು ‘ಯಯಾತಿ’, ಅದೂ ಕನ್ನಡದಲ್ಲಿ. ಮಗ ಪರದೇಶದಲ್ಲೇ ನಿಂತುಬಿಟ್ಟಾನೆಂಬ ಹಿರಿಯರ ಆತಂಕದ ನೆರಳನ್ನು, ತಂದೆಗಾಗಿ ಯೌವನವನ್ನು ತೆತ್ತ ಪುರುವಿನ ಈ ಕಥೆಯಲ್ಲಿ ಅವರೇ ಮುಂದೆ ಗುರುತಿಸಿಕೊಂಡರು. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 1961ರಲ್ಲಿ ಪ್ರಕಟಿಸಿತು. 1963ರಲ್ಲಿ ಅವರು ಹಿಂತಿರುಗಿದರು. ಮರುವರ್ಷವೇ ‘ತುಘಲಕ್’ ಬಂದಿತು.

ಆದರೂ ಪಡೆದವನ ಸಾಧನೆಯಿಂದ ಕೊಟ್ಟವನ ದ್ರವ್ಯ ಶುದ್ಧವಾಗದು. ಆ ಋಣವನ್ನು ತೀರಿಸಬೇಕಾದವರು ಧನವನ್ನು ಕಳೆದುಕೊಂಡ ಜನರಿಗೇ ತೀರಿಸಬೇಕು. 2002ರಲ್ಲಿ ನೆಲ್ಸನ್ ಮಂಡೇಲಾ ಅವರು ರೋಡ್ಸ್ ಟ್ರಸ್ಟಿನೊಡನೆ ಸೇರಿ ತಮ್ಮಿಬ್ಬರ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿ, ಆಫ್ರಿಕದ ತರುಣರ ಉನ್ನತ ವ್ಯಾಸಂಗಕ್ಕೆ ಅದೇ ದ್ರವ್ಯದ ಒಂದು ಪಾಲನ್ನು ತಿರುಗಿಸಿದರು. ಅದು ಎಲ್ಲರನ್ನೂ ಸಮಾಧಾನಪಡಿಸಲಿಲ್ಲ. 2015ರ ಏಪ್ರಿಲ್‌ನಲ್ಲಿ, ವಿದ್ಯಾರ್ಥಿಗಳ ಒತ್ತಾಯದ ಮೇರೆಗೆ, ಕೇಪ್‌ಟೌನ್ ವಿಶ್ವವಿದ್ಯಾಲಯವು ತನ್ನ ಆವರಣದಲ್ಲಿದ್ದ ರೋಡ್ಸ್‌ನ ಪ್ರತಿಮೆಯನ್ನು ತೆಗೆದುಹಾಕಿತು.